ಮೊದಲು ಭುಜ ನೋಡಿ

ಪ್ರಶ್ನೆ: ಮೇಡಂ, ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಗೆ ಹೋದರೆ ಚೆಂದ ಕಂಡಿದ್ದನ್ನೆಲ್ಲ ತರುತ್ತೇನೆ. ಮನೆಗೆ ಬಂದು ಹಾಕಿಕೊಂಡರೆ ಒಂದು ಬಿಗಿ, ಇನ್ನೊಂದು ದೊಗಳೆ. ಕೆಲವು ಬೇಗ ಹರಿದುಹೋಗುತ್ತವೆ. ಏನು ನೋಡಿ ಕೊಳ್ಳಬೇಕು?

ಉತ್ತರ: ಲೇಬಲ್ ಮೇಲಿನ ಎಂ, ಎಲ್ ಎಲ್ಲ ಮರೆತುಬಿಡಿ. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಂ ಆಗಿರುತ್ತದೆ. ಅದೂ ಅಲ್ಲದೆ ಹಳೆ ಬಟ್ಟೆ ಒಗೆದು ಒಗೆದು ಕುಗ್ಗಿರಬಹುದು, ಮೊದಲು ಹಾಕುತ್ತಿದ್ದವರು ಪಕ್ಕ ಹಿಡಿಸಿರಬಹುದು. ನಿಮಗೆ ಸರಿಯಾಗಿ ಕೂರುವ ಶರ್ಟೊಂದನ್ನು ಮಂಚದ ಮೇಲೆ ಹಾಸಿ ಅಳತೆ ತೆಗೆಯಿರಿ. ಭುಜ, ಎದೆಯ ಅಗಲ, ಉದ್ದ, ಇಷ್ಟು ಸಾಕು. ಪ್ಯಾಂಟಿಗೆ ಸೊಂಟದ ಜೊತೆ ತೊಡೆಯನ್ನೂ ಅಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಬ್ಯಾಗಿನಲ್ಲಿ ಒಂದು ಟೇಪು ಇರಲಿ.

ಹೊಲಿಗೆ ಮಷಿನ್ ತುಳಿದು ಬದುಕಿದವಳು ನಾನು. ಹಾಗಾಗಿ ಒಂದು ವಿಷಯದಲ್ಲಿ ಹಟ ಜಾಸ್ತಿ. ಭುಜ ಕೂರದಿದ್ದರೆ ಆ ಬಟ್ಟೆ ಬೇಡವೇ ಬೇಡ. ಉದ್ದ ಕತ್ತರಿಸುವುದು, ಪಕ್ಕ ಹಿಡಿಯುವುದು, ಗುಂಡಿ ಬದಲಿಸುವುದು ಇವೆಲ್ಲ ಸುಲಭ. ಭುಜ ಸರಿಮಾಡಲು ತೋಳನ್ನೇ ಬಿಚ್ಚಬೇಕು. ಕೋಟಾದರೆ ಲೈನಿಂಗೂ ಬಿಚ್ಚಬೇಕು. ಬಟ್ಟೆಗಿಂತ ಕೂಲಿಯೇ ಹೆಚ್ಚಾಗುತ್ತದೆ. ಸೊಂಟ ಬಿಗಿಯಿದ್ದರೆ ಒಳಗೆ ತಿರುವಿ, ಹೊಲಿಗೆಯಾಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಬೆರಳಗಲ ಇದ್ದರೆ ಬಿಡಿಸಬಹುದು. ಆದರೆ ಮೇಲಿನ ಬಟ್ಟೆ ಮಾಸಿದ್ದರೆ ಬಿಡಿಸಿದ ಪಟ್ಟಿ ಗಾಢವಾಗಿ ಎದ್ದು ಕಾಣುತ್ತದೆ, ಹಳೆ ಸೂಜಿ ತೂತುಗಳ ಸಾಲೂ ಹಾಗೇ ಉಳಿಯುತ್ತದೆ. ಅಂಚಿನವರೆಗೂ ಓವರ್‌ಲಾಕ್ (ನೂಲು ಬಿಚ್ಚದಂತೆ ಅಂಚನ್ನು ಸುತ್ತುವ ಹೊಲಿಗೆ) ಹೊಡೆದ ಟೀ ಶರ್ಟಿನಲ್ಲಂತೂ ಬಿಡಿಸಲು ಏನೂ ಇರುವುದಿಲ್ಲ.

ಇನ್ನು ಹರಿಯುವ ಮಾತು. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ತೊಡೆಸಂದಿ, ಮೊಣಕಾಲು, ಕೂರುವ ಜಾಗ, ಶರ್ಟಿನ ಮೊಣಕೈ. ಅಲ್ಲಿ ಸೊಳ್ಳೆಪರದೆ ಥರ ಬೆಳಕು ತೂರಿ ಬಂದರೆ ನೂಲು ಸವೆದಿದೆ ಅಂತಲೇ. ತೇಪೆ ಹಾಕಿದರೂ ಅದರ ಪಕ್ಕದಲ್ಲೇ ಕಿತ್ತುಕೊಂಡು ಬರುತ್ತದೆ. ಇಲಾಸ್ಟಿಕ್ ಎಳೆದಾಗ ಚರಚರ ಅಂದರೆ ರಬ್ಬರ್ ಒಣಗಿದೆ. ಜಿಪ್ಪನ್ನು ಪೂರ್ತಿ ಎಳೆದು ನೋಡಿ. ರೆಕ್ಸಿನ್ ಜಾಕೆಟಿನ ಕಾಲರಿನಲ್ಲಿ ಸಿಪ್ಪೆ ಏಳುತ್ತಿದ್ದರೆ ಬಿಟ್ಟುಬಿಡಿ, ಅದು ನಿಲ್ಲುವುದಿಲ್ಲ. ಸ್ವೆಟರ್ ಮೇಲೆ ಸಣ್ಣ ಉಂಡೆಗಳಿದ್ದರೆ ಚಿಂತೆ ಬೇಡ. ರೇಜರ್ ಮೆಲ್ಲಗೆ ಸವರಿದರೆ ಹೋಗುತ್ತವೆ.

ಹೊಸ ಬಟ್ಟೆಯಲ್ಲಿಲ್ಲದ ಒಂದು ನೆಮ್ಮದಿ ಇಲ್ಲಿದೆ. ಎಷ್ಟೋ ಸಲ ಒಗೆದ ಹತ್ತಿ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ.

ಪ್ರಶ್ನೆ: ಹಳೆ ಕೋಟು ಕೊಂಡೆ, ನುಸಿಗುಳಿಗೆ ವಾಸನೆ ಹೋಗುತ್ತಿಲ್ಲ. ಜೊತೆಗೆ ತಂದ ಬಿಳಿ ಶರ್ಟಿನ ಕಂಕುಳಲ್ಲಿ ಹಳದಿ ಕಲೆ. ಬ್ಲೀಚ್ ಹಾಕಲಾ?

ಉತ್ತರ: ಬ್ಲೀಚ್ ಮಾತ್ರ ಬೇಡ! ಆ ಹಳದಿ ಬರೀ ಬೆವರಲ್ಲ. ಬೆವರು ತಡೆಯಲು ಹಚ್ಚುವ ಡಿಯೋಡರೆಂಟಿನಲ್ಲಿ ಅಲ್ಯೂಮಿನಿಯಂ ಇರುತ್ತದೆ. ಅದು ಬೆವರಿನ ಜೊತೆ ಸೇರಿ ಕಲೆಯಾಗುತ್ತದೆ. ಕ್ಲೋರಿನ್ ಬ್ಲೀಚ್ ಬಿದ್ದರೆ ಇನ್ನಷ್ಟು ಹಳದಿಯಾಗಬಹುದು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆಯಿರಿ. ಕಲೆ ಹೋಗುವ ತನಕ ಇಸ್ತ್ರಿ ಮಾಡಬೇಡಿ, ಬಿಸಿಗೆ ಕಚ್ಚಿಕೊಳ್ಳುತ್ತದೆ. ತೀರಾ ಹಳೆಯದಾದರೆ ಪೂರ್ತಿ ಹೋಗಲ್ಲ, ಮೇಲೊಂದು ಸ್ವೆಟರ್ ಹಾಕಿಕೊಳ್ಳಿ ಅಷ್ಟೇ.

ನುಸಿಗುಳಿಗೆ ಆವಿಯಾಗಿ ಹಾರುವ ವಸ್ತು. ಕೋಟನ್ನು ಒಳಗೆ ತಿರುವಿ, ಗಾಳಿಯಾಡುವ ನೆರಳಲ್ಲಿ ಕೆಲವು ದಿನ ನೇತುಹಾಕಿ. ಸುಮ್ನೆ ಸೆಂಟ್ ಹೊಡೆದರೆ ಎರಡೂ ವಾಸನೆ ಸೇರಿ ತಲೆನೋವು. ಹಾಗೇ ಕೋಟಿನ ಹೊಲಿಗೆ ಸಂದು, ಜೇಬಿನ ಮೂಲೆ ನೋಡಿ. ಶಾಯಿ ಚುಕ್ಕಿಯಂಥ ಕಪ್ಪು ಕಲೆಗಳಿದ್ದರೆ ತಿಗಣೆ ಇರಬಹುದು. ಹಾಗಿದ್ದರೆ ಬೀರುವಿನಲ್ಲಿ ಇಡದೆ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಲೇಬಲ್ ಒಪ್ಪುವುದಾದರೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಉಣ್ಣೆಯಾದರೆ ಡ್ರೈ ಕ್ಲೀನಿಂಗ್‌ಗೆ ಕೊಡಿ, ಕೊಡುವಾಗ ತಿಗಣೆ ವಿಷಯ ಹೇಳಿಬಿಡಿ.