ಫಾಯಿಲ್ ಕೈಟ್ ಹಿಡಿದುಕೊಳ್ಳಿ ಅಂದಾಗ

ಪ್ರಶ್ನೆ: ನಮಸ್ತೆ ಮೇಡಂ. ನಾನು ಬೆಂಗಳೂರಿನವನು. ಎರಡು ಸೀಸನ್‌ನಿಂದ ರಾಮೇಶ್ವರಕ್ಕೆ ಹೋಗಿ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ನೀರಿನ ಮೇಲೆ ಹಲಗೆಯಲ್ಲಿ ಜಾರುವುದನ್ನು, ಕಲಿಯುತ್ತಿದ್ದೇನೆ. ನನ್ನದು ಪಂಪ್ ಹೊಡೆದು ಗಾಳಿ ತುಂಬುವ ಟ್ಯೂಬ್ ಕೈಟ್. ಮೊನ್ನೆ ಪರಿಚಯವಿಲ್ಲದ ಒಬ್ಬರು ತಮ್ಮ ಫಾಯಿಲ್ ಕೈಟ್ ಹಿಡಿದುಕೊಡಿ ಅಂದರು. ಟ್ಯೂಬ್ ಕೈಟ್ ಹಿಡಿಯುವ ಹಾಗೆ ಒಂದು ತುದಿ ಹಿಡಿದೆ. ಬಟ್ಟೆ ಕೈಯಲ್ಲೇ ಮುದುಡಿಕೊಂಡಿತು. ಗಾಬರಿಯಾಗಿ ಮೇಲಕ್ಕೆ ಎಸೆದುಬಿಟ್ಟೆ. ಅದು ಅರ್ಧ ಎದ್ದು, ಗೋತಾ ಹೊಡೆದು, ನನ್ನ ಪಕ್ಕದಲ್ಲೇ ಬಿತ್ತು. ಯಾರಿಗೂ ಏಟಾಗಲಿಲ್ಲ. ನಾನು ಎಲ್ಲಿ ತಪ್ಪಿದೆ?

ಉತ್ತರ: ಎರಡು ಕಡೆ ತಪ್ಪಿದ್ದೀರಿ. ಹಿಡಿದ ಜಾಗ ಸರಿಯಿರಲಿಲ್ಲ, ಮತ್ತೆ ಎಸೆಯಲೇಬಾರದಿತ್ತು. ಆದರೆ ನಿಮಗೆ ಏನೂ ಹೇಳದೆ ಕೈಟ್ ಕೊಟ್ಟವರದ್ದೂ ತಪ್ಪೇ. ಅವರು ಮೊದಲು "ಫಾಯಿಲ್ ಹಿಡಿದು ಗೊತ್ತಾ?" ಅಂತ ಕೇಳಬೇಕಿತ್ತು. ಗೊತ್ತಿಲ್ಲ ಅಂದರೆ ಎರಡು ನಿಮಿಷ ನಿಂತು ತೋರಿಸಿಕೊಡಬೇಕಿತ್ತು. ಮುಂದಿನ ಸಲ ಯಾರಾದರೂ ಹೀಗೆ ಕೇಳಿದರೆ ನೀವೇ ಹೇಳಿ, "ನನಗೆ ಟ್ಯೂಬ್ ಮಾತ್ರ ಗೊತ್ತು, ತೋರಿಸಿ" ಅಂತ. ಅದರಲ್ಲಿ ಸಂಕೋಚ ಬೇಡ.

ಟ್ಯೂಬ್ ಕೈಟಿಗೆ ಬೆನ್ನೆಲುಬಿದೆ. ಮುಂದಿನ ಅಂಚಿನ ಕೊಳವೆ ಗಟ್ಟಿಯಾಗಿರುತ್ತದೆ, ಎಲ್ಲಿ ಹಿಡಿದರೂ ಆಕಾರ ಕೆಡುವುದಿಲ್ಲ. ಫಾಯಿಲ್‌ಗೆ ಅಂಥ ಎಲುಬಿಲ್ಲ. ಅದು ಎರಡು ಪದರದ ಬಟ್ಟೆ, ನಡುವೆ ಸಾಲು ಸಾಲು ಕೋಣೆಗಳು. ಮುಂದಿನ ಅಂಚಿನ ಬಾಯಿಗಳಿಂದ ಗಾಳಿ ಒಳಗೆ ಹೋಗಿ ತುಂಬಿಕೊಂಡರೇನೇ ಅದು ರೆಕ್ಕೆ. ನೀರಿನ ಮೇಲೆ ಬಳಸುವ ಕೈಟ್‌ಗಳಲ್ಲಿ ಆ ಬಾಯಿಗಳಿಗೆ ಒಮ್ಮುಖ ಕವಾಟ ಇರುತ್ತದೆ, ಒಳಗೆ ಹೋದ ಗಾಳಿ ಸುಲಭಕ್ಕೆ ಹೊರಗೆ ಬರಲ್ಲ. ಪಣಂಬೂರಿನ ಗಾಳಿಪಟ ಉತ್ಸವಗಳಲ್ಲಿ ಗಾಳಿ ಕುಡಿದು ಉಬ್ಬುವ ದೊಡ್ಡ ದೊಡ್ಡ ಗೊಂಬೆಗಳನ್ನು ನೋಡಿದ್ದರೆ ಇದು ಥಟ್ಟನೆ ಅರ್ಥವಾಗುತ್ತದೆ. ಗಾಳಿ ಕುಡಿಯುವ ಮೊದಲು ಅದು ಸುಮ್ನೆ ಬಟ್ಟೆ ಗಂಟು.

ಹಾಗಾಗಿ ಮೊದಲ ಕೆಲಸ ಗಾಳಿ ತುಂಬಿಸುವುದು. ಹಿಂದಿನ ಅಂಚಿನಲ್ಲಿ ಗಾಳಿ ಬಿಡುವ ಕಿಂಡಿಗಳಿರುತ್ತವೆ, ಜಿಪ್ ಅಥವಾ ವೆಲ್ಕ್ರೋ. ಅವು ಮುಚ್ಚಿವೆಯಾ ಅಂತ ಮಾಲೀಕರು ನೋಡಿರುತ್ತಾರೆ, ನೀವೂ ಒಂದು ಸಲ ಕಣ್ಣು ಹಾಯಿಸಿ. ಆಮೇಲೆ ನೀವು ಕೈಟಿನ ಹಿಂದೆ, ಗಾಳಿ ಹೋಗುವ ಕಡೆ ನಿಂತು, ಮುಂದಿನ ಅಂಚಿನ ಮಧ್ಯಭಾಗವನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಬಾಯಿಗಳು ಗಾಳಿಗೆ ತೆರೆದಿರಬೇಕು. ಬಟ್ಟೆ ಮೊದಲು ಪಟಪಟ ಅನ್ನುತ್ತದೆ. ನಂತರ ಮಧ್ಯದ ಕೋಣೆಗಳು ದಿಂಬಿನ ಹಾಗೆ ಉಬ್ಬುತ್ತವೆ. ಅಲ್ಲಿಂದ ಗಾಳಿ ಮೆಲ್ಲಗೆ ಎರಡೂ ತುದಿಗಳ ಕಡೆ ಹರಿಯುತ್ತದೆ. ಅದಕ್ಕೆ ಸಮಯ ಬೇಕು. ತುದಿಗಳು ಇನ್ನೂ ಒದ್ದೆ ಟವೆಲ್ ಥರ ಜೋತುಬಿದ್ದಿದ್ದರೆ ಬಿಡಬೇಡಿ. ನಿಮ್ಮ ಕೈಟ್ ಗೋತಾ ಹೊಡೆದದ್ದು ಬಹುಶಃ ಇದಕ್ಕೇ. ಅರ್ಧ ತುಂಬಿದ ಫಾಯಿಲ್ ಎದ್ದರೆ ತುದಿ ಮಡಚಿ ಸೂತ್ರದ ದಾರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಕೈಟ್ ಬೋ-ಟೈ ಆಕಾರಕ್ಕೆ ತಿರುಚಿಕೊಂಡು ಗಿರಗಿರ ಸುತ್ತಲು ಶುರು ಮಾಡುತ್ತದೆ, ಪ್ರತಿ ಸುತ್ತಿಗೂ ಎಳೆಯುತ್ತದೆ.

ಸೂತ್ರ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾವು ಚಿಕ್ಕವರಿದ್ದಾಗ ಗಾಳಿಪಟಕ್ಕೆ ಎರಡು ದಾರದ ಸೂತ್ರ ಕಟ್ಟುತ್ತಿದ್ದೆವು. ಫಾಯಿಲ್ ಕೈಟಿನ ಹೊಟ್ಟೆಯಡಿ ಅಂಥ ಹತ್ತಾರು ದಾರಗಳು ಕವಲೊಡೆದು ಹರಡಿರುತ್ತವೆ. ತೆಳ್ಳಗೆ, ಕೆಲವು ಕಡೆ ಮೇಲುಹೊದಿಕೆಯೂ ಇಲ್ಲದೆ. ಕಲಿಯುವ ಕಾಲದಲ್ಲಿ ಇಳಿಯುತ್ತಿದ್ದ ಕೈಟನ್ನು ಹಿಡಿಯಲು ಹೋಗಿ ನಾನು ಬಟ್ಟೆಯ ಬದಲು ಆ ದಾರಗಳನ್ನೇ ಹಿಡಿದೆ. ಒಂದು ಗಾಳಿಯ ಜೋರು ಬಂತು, ಅಷ್ಟೇ. ತೋರುಬೆರಳಿನ ಒಳಭಾಗ ಬ್ಲೇಡ್‌ನಲ್ಲಿ ಸೀಳಿದ ಹಾಗೆ ಬಾಯಿಬಿಟ್ಟಿತು. ಆ ಗೆರೆ ಈಗಲೂ ಇದೆ, ಹೊಸ ವಿದ್ಯಾರ್ಥಿಗಳಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ. ಹಿಡಿಯುವುದು ಬಟ್ಟೆಯನ್ನು ಮಾತ್ರ. ದಾರ ಹಿಡಿಯಬೇಡಿ, ಬೆರಳಿಗೆ ಸುತ್ತಿಕೊಳ್ಳಬೇಡಿ, ಕಾಲು ದಾಟಿಸಿ ನಿಲ್ಲಬೇಡಿ. ಉಂಗುರ, ಕೈಬಳೆ ತೆಗೆದಿಡಿ. ಒಂದು ಜೊತೆ ಕೈಗವಸು ಬ್ಯಾಗ್‌ನಲ್ಲಿರಲಿ.

ಈಗ ಬಿಡುವ ಹೊತ್ತು. ಹಾರಿಸುವವರು ತಮ್ಮ ಜಾಗ ಸರಿಮಾಡಿಕೊಂಡು ಲೈನ್, ಅಂದರೆ ಕೈಟಿನಿಂದ ತಮ್ಮವರೆಗೆ ಬರುವ ಉದ್ದದ ದಾರಗಳನ್ನು, ಬಿಗಿ ಮಾಡುತ್ತಾರೆ. ಕೈಟ್ ನೇರವಾಗಿ ಅವರ ಗಾಳಿಕೆಳಗೆ (ಗಾಳಿ ಹೋಗುವ ಕಡೆ) ಇರಬಾರದು, ಪಕ್ಕಕ್ಕೆ ಇರಬೇಕು. ನಿಮ್ಮ ಕೈಗೇ ಇದು ಗೊತ್ತಾಗುತ್ತದೆ. ಕೈಟ್ ಬರೀ ಪಟಪಟಿಸುತ್ತಿದ್ದರೆ ಅವರು ಗಾಳಿ ಬರುವ ಕಡೆಗೆ ಎರಡು ಹೆಜ್ಜೆ ಸರಿಯಬೇಕು. ನಿಮ್ಮನ್ನೇ ಎತ್ತಿಕೊಂಡು ಹೋಗುವಷ್ಟು ಎಳೆಯುತ್ತಿದ್ದರೆ ಅವರು ತೀರಾ ಗಾಳಿಯ ಕಡೆ ನಿಂತಿದ್ದಾರೆ, ವಾಪಸ್ ಬರಬೇಕು. ಕೈ ಮಾಡಿ ಹೇಳಿ. ಒಂದು ದಾರವಾದರೂ ಇನ್ನೊಂದಕ್ಕೆ ಸುತ್ತಿಕೊಂಡಿರುವುದು ಕಂಡರೆ ತಲೆಯಾಡಿಸಿ ಬೇಡ ಅನ್ನಿ. ಕೈಟ್ ನಿಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಬೇಡ ಅನ್ನುವ ಹಕ್ಕು ನಿಮಗಿದೆ.

ಅವರು ಹೆಬ್ಬೆರಳು ಮೇಲೆತ್ತುತ್ತಾರೆ. ನೀವೂ ಎತ್ತಿ ತೋರಿಸಿ. ಆಮೇಲೆ ಸುಮ್ನೆ ಕೈ ಬಿಡಿ. ತಳ್ಳಬೇಡಿ, ಎಸೆಯಬೇಡಿ. ತುಂಬಿದ ಫಾಯಿಲ್ ತಾನಾಗಿ ಎದ್ದು ಹೋಗುತ್ತದೆ. ಬಿಟ್ಟ ತಕ್ಷಣ ಗಾಳಿ ಬರುವ ದಿಕ್ಕಿಗೆ ಸರಿಯಿರಿ, ಲೈನ್‌ಗಳ ಕೆಳಗೆ ನುಸುಳಬೇಡಿ.

ಪ್ರಶ್ನೆ: ದುಬೈನಲ್ಲಿದ್ದೇನೆ, ಊರು ಹುಬ್ಬಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೈಟ್ ರೇಸ್ ನೋಡಿ ಆಸೆಯಾಗಿ ಸೆಕೆಂಡ್ ಹ್ಯಾಂಡ್ ಫಾಯಿಲ್ ಕೈಟ್ ತಗೊಂಡೆ. ಬೆಳಗ್ಗೆ ಬೇಗ ಹೋದರೆ ಬೀಚಲ್ಲಿ ಯಾರೂ ಇರಲ್ಲ. ಒಬ್ಬನೇ ಇಳಿಸುವುದು ಹೇಗೆ?

ಉತ್ತರ: ಆ ರೇಸ್ ನಡೆದದ್ದು ಫ್ರಾನ್ಸ್‌ನ ಮಾರ್ಸೇ ಊರಿನ ಸಮುದ್ರದಲ್ಲಿ. ಕೈಟ್ ಒಲಿಂಪಿಕ್ಸ್‌ಗೆ ಬಂದದ್ದು ಅದೇ ಮೊದಲು. ಅವರು ಬಳಸಿದ್ದು ಉದ್ದ, ಕಿರಿದಾದ ರೇಸ್ ಫಾಯಿಲ್‌ಗಳು. ನೀವು ಕೊಂಡದ್ದೂ ಅಂಥದ್ದೇ ಆಗಿದ್ದರೆ, ದಯವಿಟ್ಟು ಅದನ್ನು ಈಗ ಒಬ್ಬರೇ ಬಿಚ್ಚಬೇಡಿ. ಅವು ವೇಗವಾಗಿ ಜಾರುತ್ತವೆ, ತಲೆಯ ಮೇಲಿಂದ ದಾಟಿ ಮುಂದೆ ಹೋಗಿ ಕುಸಿಯುತ್ತವೆ, ಮತ್ತೆ ತುಂಬಿಕೊಂಡಾಗ ಜೋರಾಗಿ ಎಳೆಯುತ್ತವೆ. ಕಲಿಯಲು ಅಗಲ ಜಾಸ್ತಿಯಿರುವ, ನಿಧಾನದ ಕೈಟ್ ಬೇಕು.

ಅಂಥ ಕೈಟ್ ಇದ್ದು, ಗಾಳಿ ಹದವಾಗಿದ್ದರೆ, ಒಬ್ಬರೇ ಇಳಿಸುವ ಒಂದು ವಿಧಾನ ಇದೆ. ಮೊದಲ ಸಲ ಕಲಿಸುವವರ ಎದುರೇ ಮಾಡಿ. ಕೈಟನ್ನು ಮೇಲೆ ನಿಲ್ಲಿಸಿ, ಬಾರ್‌ಗಿಂತ (ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು) ಮೇಲೆ ಹಿಂದಿನ ಎರಡೂ ಲೈನ್‌ಗಳನ್ನು ಒಟ್ಟಿಗೆ, ಸಮನಾಗಿ ಎಳೆಯುತ್ತಾ ಬನ್ನಿ. ಕೆಲವು ಬಾರ್‌ಗಳಲ್ಲಿ ಇದಕ್ಕೇ ಹಿಡಿಕೆ ಕೊಟ್ಟಿರುತ್ತಾರೆ. ಕೈಟ್ ಹಾರುವುದನ್ನು ನಿಲ್ಲಿಸಿ, ಹಿಮ್ಮುಖವಾಗಿ, ಹಿಂದಿನ ಅಂಚು ಕೆಳಗೆ ಮಾಡಿಕೊಂಡು ಗಾಳಿಕೆಳಗೆ ಇಳಿಯುತ್ತದೆ. ಒಂದು ಕಡೆ ಜಾಸ್ತಿ ಎಳೆದರೆ ಅದು ಆ ಕಡೆಗೆ ತಿರುಗಿ ಧುಮುಕುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು, ನೆಲ ಮುಟ್ಟಿತು ಅಂತ ಲೈನ್ ಬಿಡುವುದು. ಬಿಟ್ಟ ಕ್ಷಣ ಮುಂದಿನ ಅಂಚು ಗಾಳಿ ಹಿಡಿದು ಪುನಃ ಏಳುತ್ತದೆ, ಅದೂ ನೇರವಾಗಿ ನಿಮ್ಮ ಗಾಳಿಕೆಳಗಿಂದ, ಪೂರ್ತಿ ಬಲದಲ್ಲಿ. ಹಿಂದಿನ ಲೈನ್ ಹಿಡಿದುಕೊಂಡೇ, ಕೈಗೆ ಸುತ್ತಿಕೊಳ್ಳದೆ, ಕೈಟ್‌ವರೆಗೆ ನಡೆದು ಹೋಗಿ. ಹಿಂದಿನ ಅಂಚಿನ ಮೇಲೆ ಮರಳು ಹಾಕಿ, ಕಿಂಡಿ ತೆರೆಯಿರಿ. ಕಲ್ಲು ಇಡಬೇಡಿ, ಬಟ್ಟೆ ಹರಿಯುತ್ತದೆ.

ಟ್ಯೂಬ್ ಕೈಟಿನಿಂದ ಬಂದವರಿಗೆ ಇನ್ನೊಂದು ಮಾತು. ರಿಲೀಸ್ (ಅಪಾಯವಾದಾಗ ಕೈಟಿನ ಎಳೆತ ತಪ್ಪಿಸುವ ಸಾಧನ) ಎಳೆದರೆ ಮುಗಿಯಿತು ಅಂದುಕೊಂಡಿರುತ್ತೀರಿ, ಅಲ್ವಾ? ಫಾಯಿಲ್‌ನಲ್ಲಿ ಒಳಗಿನ ಗಾಳಿ ಹಾಗೇ ಇರುತ್ತದೆ. ಎಳೆತ ಬಹುಪಾಲು ಇಳಿದರೂ ಅದು ಮರಳಿನ ಮೇಲೆ ಉರುಳಾಡುತ್ತಾ ಇರಬಹುದು. ಹಾಗಂತ ರಿಲೀಸ್ ಎಳೆಯಲು ಹಿಂಜರಿಯಬೇಡಿ. ಎಳೆಯಿರಿ, ಎಳೆದ ಮೇಲೂ ಕಣ್ಣು ಕೈಟ್ ಮೇಲಿರಲಿ.

ಗಾಳಿ ಜೋರಿದ್ದ ದಿನ ಜನ ಬರುವವರೆಗೆ ಕಾಯಿರಿ. ಇಳಿಸಿಕೊಡಿ ಅನ್ನಲು ಅಂಗೈಯಿಂದ ತಲೆ ತಟ್ಟಿಕೊಳ್ಳಬೇಕು. ನೋಡಿದವರೂ ತಮ್ಮ ತಲೆ ತಟ್ಟಿಕೊಂಡರೆ ಒಪ್ಪಿದ್ದಾರೆ ಅಂತ ಅರ್ಥ. ಕೈಟನ್ನು ಪಕ್ಕಕ್ಕೆ, ನೆಲದ ಹತ್ತಿರಕ್ಕೆ ನಿಧಾನವಾಗಿ ತನ್ನಿ. ಅವರು ಓಡಿ ಬರಬಾರದು, ನಿಂತಲ್ಲಿಗೆ ನೀವೇ ತಂದುಕೊಡಬೇಕು. ಅವರು ಮುಂದಿನ ಅಂಚು ಹಿಡಿದ ಕೂಡಲೇ ನೀವು ಅವರ ಕಡೆ ನಡೆದು ಲೈನ್ ಸಡಿಲ ಮಾಡಿ. ಬಹಳ ಜನ ಇದನ್ನೇ ಮರೆತು ನಿಂತಲ್ಲೇ ನಿಂತು ಥ್ಯಾಂಕ್ಸ್ ಹೇಳುತ್ತಿರುತ್ತಾರೆ. ಅತ್ತ ಹಿಡಿದವರು ಗಾಳಿಯ ಜೊತೆ ಜಗ್ಗಾಡುತ್ತಿರುತ್ತಾರೆ.

ಪ್ರಶ್ನೆ: ನಾವು ಕೈಟ್ ಮಾಡುವವರಲ್ಲ. ರಜೆಗೆ ಹೋದಾಗ ಬೀಚಲ್ಲಿ ಇಳಿಯುವ ಕೈಟ್ ಕಂಡರೆ ಮಕ್ಕಳು ಹಿಡಿಯಲು ಓಡುತ್ತಾರೆ. ಬಿಡಬಹುದಾ? (ಮಂಗಳೂರು)

ಉತ್ತರ: ಬೇಡ. ಲೈನ್‌ಗಳು ಸುಮಾರು 20 ಮೀಟರ್ ಉದ್ದ ಇರುತ್ತವೆ, ಬಿಗಿಯಾದಾಗ ಕಣ್ಣಿಗೇ ಬೀಳುವುದಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ, ಹಾರಿಸುವವರ ಬೆನ್ನ ಹಿಂದೆ, ಆ ಕಡೆ ನಿಂತು ನೋಡಿ. ಗಾಳಿಕೆಳಗೆ ಹೋಗಲೇಬೇಕಾದರೆ 50 ಮೀಟರ್‌ಗಿಂತ ದೂರದಿಂದ ಹೋಗಿ. ಯಾರನ್ನಾದರೂ ಕೈಟ್ ಮರಳಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದರೆ ಲೈನ್ ಹಿಡಿಯಲು ಹೋಗಬೇಡಿ. "ರಿಲೀಸ್, ರಿಲೀಸ್" ಅಂತ ಗಟ್ಟಿಯಾಗಿ ಕೂಗಿ. ಗಾಬರಿಯಲ್ಲಿ ಬಾರ್ ಬಿಗಿಯಾಗಿ ಹಿಡಿದುಕೊಂಡವರಿಗೆ ಎಷ್ಟೋ ಸಲ ಆ ಕೂಗು ಬೇಕಾಗಿರುತ್ತದೆ.