ಡಿಯುಐ (ನಶೆಯಲ್ಲಿ ವಾಹನ ಓಡಿಸಿದ) ಕೇಸಾದ 19ರ ಮಗ ಮದ್ಯದ ಕ್ಲಾಸಿಗೆ ಹೋಗಲೇಬೇಕಾ?

ನಿಮ್ಮ ಮಗ ಫ್ರೀಮಾಂಟ್‌ನಲ್ಲಿ ಪಾರ್ಟಿ ಮುಗಿಸಿ ಕಾರು ಓಡಿಸಿ ಸಿಕ್ಕಿಬಿದ್ದಿದ್ದಾನೆ. ರಕ್ತದಲ್ಲಿ ಮದ್ಯದ ಪ್ರಮಾಣ ಶೇಕಡಾ 0.09 ಬಂದಿದೆ, ಕೋರ್ಟು ಮೂರು ತಿಂಗಳ ಕ್ಲಾಸಿಗೆ ಕಳಿಸಿದೆ. ಇದರಿಂದ ಏನಾದರೂ ಉಪಯೋಗ ಇದೆಯಾ, ನೆಟ್ಟಲ್ಲೇ ಬೇಗ ಮುಗಿಸಬಹುದಾ ಅಂತ ಕೇಳಿದ್ದೀರಿ. ನಾನು ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ಕ್ಲಾಸ್ ನಡೆಸುತ್ತೇನೆ.

ಖಂಡಿತ ಉಪಯೋಗ ಇದೆ. ರಾಜ್ಯದ ಲೈಸೆನ್ಸ್ ಇರುವ ಸಂಸ್ಥೆಯಲ್ಲೇ ಮಾಡಬೇಕು, ಕನಿಷ್ಠ 30 ಗಂಟೆ. ದುಡ್ಡು ಕಟ್ಟಿದರೆ ಒಂದೇ ದಿನಕ್ಕೆ ಸಿಗುವ ಸರ್ಟಿಫಿಕೇಟ್‌ಗಳನ್ನು ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲ್ಲಿನ ಇಲಾಖೆ) ಒಪ್ಪುವುದಿಲ್ಲ.

ಮೊದಲ ವಾರ ನಾನು ಭಾಷಣ ಮಾಡುವುದಿಲ್ಲ. ಪಾರ್ಟಿಗಳಲ್ಲಿ ಕಾಣುವ ಕೆಂಪು ಪ್ಲಾಸ್ಟಿಕ್ ಲೋಟ ಕೊಡುತ್ತೇನೆ, ಜೊತೆಗೆ ಒಂದು ಜಗ್ ನೀರು. 'ಇದು ವೋಡ್ಕಾ ಅಂದ್ಕೊಳ್ಳಿ, ಒಂದು ಡ್ರಿಂಕ್ ಸುರಿಯಿರಿ' ಅನ್ನುತ್ತೇನೆ. ಆಮೇಲೆ ಅಳೆಯುತ್ತೇವೆ. ಇಲ್ಲಿನ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 44 ಎಂಎಲ್ ವೋಡ್ಕಾ, ಇಲ್ಲವೇ 355 ಎಂಎಲ್ ಬಿಯರ್. ಹುಡುಗರು ಸುರಿದದ್ದು ಎರಡು ಡ್ರಿಂಕ್ ಇರುತ್ತದೆ, ಒಮ್ಮೊಮ್ಮೆ ಮೂರು. 'ನಾನು ಎರಡೇ ಕುಡಿದಿದ್ದೆ' ಅಂತ ಪೊಲೀಸರಿಗೆ ಹೇಳಿದವನು ಸುಳ್ಳು ಹೇಳಿರಲಿಲ್ಲ, ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಕೋಣೆಯಲ್ಲಿ ಆಗ ಎಲ್ಲರೂ ಸುಮ್ಮನಾಗುತ್ತಾರೆ.

ದೇಹ ಒಂದು ಡ್ರಿಂಕ್ ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ರಾತ್ರಿ ಎರಡರವರೆಗೆ ಜಾಸ್ತಿ ಕುಡಿದವನು ಬೆಳಗ್ಗೆ ಎಂಟಕ್ಕೆ ಸ್ಟಿಯರಿಂಗ್ ಹಿಡಿದರೂ ಅಪಾಯವೇ. 21 ತುಂಬದವರ ಲೈಸೆನ್ಸ್ ಹೋಗಲು ದೊಡ್ಡವರಿಗಿರುವ 0.08ರ ಗೆರೆ ಮುಟ್ಟಬೇಕಿಲ್ಲ, 0.01 ಬಂದರೂ ಒಂದು ವರ್ಷ ಲೈಸೆನ್ಸ್ ಹೋಗುತ್ತದೆ. ಗಾಂಜಾ ಸೇದಿ ಓಡಿಸಿದರೂ ಡಿಯುಐಯೇ.

ನನ್ನನ್ನು ಜಾಸ್ತಿ ಕಾಡುವುದು ಬೇರೆ. 'ಮನೆಗೆ ಯಾಕೆ ಫೋನ್ ಮಾಡಲಿಲ್ಲ?' ಅಂತ ಕೇಳಿದರೆ ನಮ್ಮ ಕಡೆಯ ಹುಡುಗರು ಹೇಳುವುದು ಒಂದೇ, 'ಅಪ್ಪ ಸಾಯಿಸಿಬಿಡ್ತಿದ್ರು.' ಆ ಭಯಕ್ಕೇ ಕಾರು ಹತ್ತಿರುತ್ತಾರೆ. ಇದನ್ನು ನನ್ನ ಕ್ಲಾಸು ಸರಿಮಾಡಲಾರದು. ಅದು ನಿಮ್ಮ ಕೈಯಲ್ಲಿದೆ.

ಮಾನ ಹೋಯ್ತು, ಊರಲ್ಲಿ ಏನಂತಾರೆ ಅನ್ನೋ ಮಾತು ಸದ್ಯಕ್ಕೆ ಬೇಡ. 'ಎಷ್ಟೊತ್ತಾದ್ರೂ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ, ಅವತ್ತು ಒಂದು ಪ್ರಶ್ನೆನೂ ಕೇಳಲ್ಲ' ಅಂತ ಹೇಳಿ, ಹಾಗೇ ನಡೆದುಕೊಳ್ಳಿ. ಕ್ಲಾಸಲ್ಲಿ ಏನಾಯ್ತು ಅಂತ ನಮಗೆ ಫೋನ್ ಮಾಡಿ ಕೇಳಬೇಡಿ. ಅವನು ವಯಸ್ಕ, ಅವನ ಒಪ್ಪಿಗೆ ಇಲ್ಲದೆ ನಾವು ಹೇಳುವುದಿಲ್ಲ. ಕುಡಿಯದೆ ವಾರ ಕಳೆಯುವುದು ಅವನಿಗೆ ಕಷ್ಟ ಅನ್ನಿಸಿದರೆ ಮಾತ್ರ ಈ 30 ಗಂಟೆ ಸಾಲದು, ಬೇರೆಯಾಗಿ ಚಿಕಿತ್ಸೆ ಬೇಕು. ಅದನ್ನು ಕೌನ್ಸೆಲರ್ ಹತ್ತಿರ ಅವನೇ ಬಾಯಿಬಿಟ್ಟು ಹೇಳಲು ಧೈರ್ಯ ಕೊಡಿ.