ಚಿಕ್ಕಪ್ಪನಿಗೂ ಮಾತಾಡೋಕೆ ಜಾಗ ಕೊಡಿ

ನಮಸ್ಕಾರ,

ನೀವು ಕಳ್ಸಿದ ‘ಗ್ರೂಪ್ ಬಿಟ್ಟ ಮೇಲೆ’ ಪ್ರಬಂಧ ಓದಿದೆ. ಈಗಿರೋ ರೂಪದಲ್ಲಿ ಇದನ್ನ ಹಾಕೋಕಾಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ಎರಡು ಸಾಲಿನ ಉತ್ತರ ಬರೆದು ಮುಗಿಸೋಕೆ ಮನಸ್ಸು ಬರ್ಲಿಲ್ಲ. ರಾಜಕೀಯದಿಂದ ಮಾತು ಬಿಟ್ಟಿರೋ ಅಣ್ಣತಮ್ಮಂದಿರು, ಮದುವೆಮನೇಲಿ ಎದುರುಬದುರು ಆದ್ರೂ ಮುಖ ತಿರುಗಿಸ್ಕೊಂಡು ಹೋಗೋ ಸಂಬಂಧಿಕರು ಈಗ ಎಲ್ಲ ಊರಲ್ಲೂ ಇದಾರೆ, ಅದನ್ನ ಮನೆಯೊಳಗಿಂದ ಬರೆಯೋರು ಮಾತ್ರ ಬಹಳ ಕಮ್ಮಿ. ನೀವು ಬರೆಯೋಕೆ ಕೂತಿದೀರಿ, ಅದು ನಂಗೆ ದೊಡ್ಡದು.

ನಿಮ್ಮ ಬರಹದಲ್ಲಿ ನಡೆಯೋದು ಇಷ್ಟು. 2023ರ ವಿಧಾನಸಭೆ ಚುನಾವಣೆ ಆದ್ಮೇಲೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಗ್ಯಾರಂಟಿ ಯೋಜನೆಗಳ ಮೇಲೆ ಜಗಳ ಶುರುವಾಗುತ್ತೆ, ತಿಪಟೂರು ಹತ್ತಿರದ ಹಳ್ಳೀಲಿದ್ದು ಕೊಬ್ಬರಿ ವ್ಯಾಪಾರ ಮಾಡೋ ಚಿಕ್ಕಪ್ಪ ‘ಬಿಟ್ಟಿ ಭಾಗ್ಯ’ ಅಂತಾರೆ, ಬೆಂಗಳೂರಲ್ಲಿರೋ ನೀವು ಉದ್ದುದ್ದ ಉತ್ತರ ಕೊಡ್ತೀರಿ, ಮಾತಿಗೆ ಮಾತು ಬೆಳೆದು ನೀವು ಗ್ರೂಪಿಂದ ಎಕ್ಸಿಟ್ ಆಗ್ತೀರಿ, ಆಮೇಲೆ ಎರಡು ಪುಟ ಪ್ರೀತಿಯಿಂದ ಇರೋಣ, ದ್ವೇಷ ಬೇಡ, ನಾವೆಲ್ಲ ಒಂದೇ ಅಂತ ಹೇಳಿ ಎಲ್ಲರಿಗೂ ಬಾಯಿಪಾಠ ಬರೋ ಒಂದು ವಚನದ ಸಾಲು ಹಾಕಿ ಮುಗಿಸ್ತೀರಿ.

ಆ ಎರಡು ಪುಟ ಪೂರ್ತಿ ತೆಗೀರಿ. ಅದ್ರಲ್ಲಿ ತಪ್ಪೇನಿಲ್ಲ, ಅದನ್ನ ಓದಿ ಯಾರೂ ಬೇಡ ಅನ್ನಲ್ಲ, ಚಿಕ್ಕಪ್ಪನೂ ಹೂಂ ಅಂತಾರೆ, ಜಗಳ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತೆ. ಉಳಿಸ್ಕೋಬೇಕಾಗಿರೋದು ನೀವು ಅರ್ಧ ಸಾಲಲ್ಲಿ ಹೇಳಿ ಬಿಟ್ಟಿರೋದನ್ನ: ಗ್ರೂಪ್ ಬಿಟ್ಟ ರಾತ್ರಿ ಚಿಕ್ಕಪ್ಪ ನಿಮಗೆ ಬೇರೆಯಾಗಿ ‘ಊಟ ಆಯ್ತಾ ಪುಟ್ಟಿ’ ಅಂತ ಮೆಸೇಜ್ ಹಾಕಿದ್ದು, ನೀವು ಉತ್ತರ ಕೊಡದೆ ಮಲಗಿದ್ದು. ನಿಮ್ಮ ಬರಹ ಶುರುವಾಗಬೇಕಾದ್ದೇ ಅಲ್ಲಿಂದ.

ನಂಗೆ ನಿಜಕ್ಕೂ ಬೇಜಾರಾಗಿದ್ದು ಚಿಕ್ಕಪ್ಪನ ವಿಷಯದಲ್ಲಿ. ಇಡೀ ಬರಹದಲ್ಲಿ ಅವರಿಗೆ ನೀವು ಕೊಟ್ಟಿರೋದು ಒಂದೇ ಒಂದು ಮಾತು, ಪುಕ್ಕಟೆ ಕೊಟ್ರೆ ಜನ ಸೋಮಾರಿಗಳಾಗ್ತಾರೆ ಅಂತ. ನಿಮ್ಮ ಕಡೆಗೆ ಮಾತ್ರ ವಾದ, ಅಂಕಿಅಂಶ, ನೋವು ಎಲ್ಲ ಇದೆ. ಅಷ್ಟು ವರ್ಷ ವ್ಯಾಪಾರ ಮಾಡಿ, ಕೊಬ್ಬರಿ ರೇಟು ಬಿದ್ದ ಕಾಲಾನೂ ಕಂಡು, ಪೈಸೆ ಪೈಸೆ ಲೆಕ್ಕ ಇಟ್ಟಿರೋ ಮನುಷ್ಯನ ಹತ್ರ ಹೇಳೋಕೆ ಆ ಒಂದೇ ವಾಕ್ಯ ಇರೋಕೆ ಸಾಧ್ಯನಾ? ಎದುರಿನವರ ವಾದವನ್ನ ಅವರೇ ಓದಿ ‘ಹೌದು, ನಾನು ಹೇಳ್ತಿರೋದು ಇದನ್ನೇ’ ಅನ್ನೋ ಹಾಗೆ ಬರೆಯೋಕೆ ಬರದೇ ಹೋದ್ರೆ, ಸೌಜನ್ಯದ ಬಗ್ಗೆ ಎಷ್ಟು ಪುಟ ಬರೆದ್ರೂ ನಾವು ದನಿ ತಗ್ಗಿಸಿ ಅದೇ ಜಗಳ ಮಾಡ್ತಿರ್ತೀವಿ.

ಅವರ ಪರವಾಗಿ ನೀವೇ ಒಂದ್ಸಲ ವಾದ ಕಟ್ಟಿ ನೋಡಿ. 2025-26ರ ರಾಜ್ಯ ಬಜೆಟ್ಟು ಸುಮಾರು 4.09 ಲಕ್ಷ ಕೋಟಿ, ಅದ್ರಲ್ಲಿ ಐದು ಗ್ಯಾರಂಟಿಗಳಿಗೆ 51 ಸಾವಿರ ಕೋಟಿ, ಅಂದ್ರೆ ಎಂಟು ರೂಪಾಯಲ್ಲಿ ಒಂದು ರೂಪಾಯಿ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನ 2002ರಲ್ಲಿ ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ದು, ಸಾಲ ರಾಜ್ಯದ ಒಟ್ಟು ಉತ್ಪನ್ನದ ಶೇ. 25 ದಾಟಬಾರದು ಅಂತ ನಾವೇ ಗೆರೆ ಹಾಕ್ಕೊಂಡಿದೀವಿ, ಈ ಬಜೆಟ್ಟಿನ ಅಂದಾಜು ಆ ಗೆರೆಗೆ ತಾಗ್ಕೊಂಡೇ ನಿಂತಿದೆ. 2025ರ ಜನವರೀಲಿ ಬಸ್ ದರ ಶೇ. 15 ಏರ್ತು, ಟಿಕೆಟ್ ತಗೊಳೋ ಗಂಡಸರಿಗೆ ಅದು ನೇರವಾಗಿ ತಟ್ಟಿತು. ಹೀಗೆ ಕೇಳಿದಾಗ ಇದು ಸೋಮಾರಿತನದ ಮಾತಾಗಿ ಉಳಿಯಲ್ಲ, ಇರೋ ದುಡ್ಡಲ್ಲಿ ಯಾವುದು ಮೊದಲು ಅನ್ನೋ ಪ್ರಶ್ನೆ ಆಗುತ್ತೆ. ಉತ್ತರ ಕೊಡೋದು ಕಷ್ಟ. ಆ ಕಷ್ಟಾನೇ ನಿಮ್ಮ ಬರಹದಲ್ಲಿ ಇಲ್ಲದೇ ಇರೋದು.

ಆಮೇಲೆ ನಿಮ್ಮ ವಾದಾನೂ ಹಾಗೇ ಗಟ್ಟಿ ಮಾಡಿ. ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ, ಗೃಹಲಕ್ಷ್ಮಿ ಅದೇ ವರ್ಷ ಆಗಸ್ಟ್ 30ಕ್ಕೆ, ತಿಂಗಳಿಗೆ 2,000 ರೂಪಾಯಿ ಮನೆಯೊಡತಿ ಖಾತೆಗೆ. ನಿಮ್ಮ ಬರಹದಲ್ಲಿ ಚಿಕ್ಕಮ್ಮ ಒಂದೇ ಕಡೆ ಬರ್ತಾರೆ, ಹಬ್ಬದ ದಿನ ಕಾಫಿ ತಂದಿಟ್ಟು ಒಳಗೆ ಹೋಗ್ತಾರೆ. ಇಡೀ ಜಗಳ ಅವರಂಥ ಹೆಂಗಸರಿಗೆ ಬರೋ ದುಡ್ಡು, ಅವರು ಹತ್ತೋ ಬಸ್ಸಿನ ಬಗ್ಗೆ, ಅವರನ್ನ ಮಾತ್ರ ನೀವೂ ಕೇಳಿಲ್ಲ, ಚಿಕ್ಕಪ್ಪನೂ ಕೇಳಿಲ್ಲ! ಅವರು ಆ ಬಸ್ಸಲ್ಲಿ ಎಲ್ಲಿಗೆ ಹೋಗ್ತಾರೆ, ಮೊದಲು ತವರಿಗೆ ಹೋಗ್ಬೇಕಂದ್ರೆ ಯಾರ ಹತ್ರ ಕೈಯೊಡ್ಡಬೇಕಿತ್ತು, ಗೃಹಲಕ್ಷ್ಮಿ ಅವರಿಗೆ ಬರುತ್ತಾ ಇಲ್ವಾ? ಗಂಡ ಜಿಎಸ್‌ಟಿ ರಿಟರ್ನ್ಸ್ ಹಾಕೋರಾದ್ರೆ ಹೆಂಡತಿಗೆ ಬರಲ್ಲ ಅಂತ ನಿಯಮ ಇದೆ, ಅದು ಗೊತ್ತಿದ್ದಿದ್ರೆ ಚಿಕ್ಕಪ್ಪನ ಸಿಟ್ಟಿಗೆ ಇನ್ನೊಂದು ಕಾರಣಾನೂ ನಿಮಗೆ ಕಾಣ್ತಿತ್ತೇನೋ. ಹೋಗಿ ಕೇಳಿ.

ಪುಕ್ಕಟೆ ಹಂಚೋದು ಒಂದು ಪಕ್ಷದ ಚಾಳಿ ಅಂತ ಚಿಕ್ಕಪ್ಪ ಅಂದ್ಕೊಂಡಿದಾರೆ, ಬಡವರ ಕಾಳಜಿ ಒಂದು ಪಕ್ಷದ ಸ್ವತ್ತು ಅಂತ ನೀವು ಅಂದ್ಕೊಂಡಿದೀರಿ. ಹೈಸ್ಕೂಲ್ ಮಕ್ಕಳಿಗೆ ಸೈಕಲ್, ಬಡವರ ಮನೇಲಿ ಹುಟ್ಟಿದ ಹೆಣ್ಣುಮಗುವಿಗೆ ಭಾಗ್ಯಲಕ್ಷ್ಮಿ ಬಾಂಡ್ ಬಂದಿದ್ದು 2006-07ರಲ್ಲಿ, ಯಡಿಯೂರಪ್ಪನವರು ಹಣಕಾಸು ನೋಡ್ಕೊಳ್ತಿದ್ದಾಗ. 2022ರ ಜುಲೈನಲ್ಲಿ ಪ್ರಧಾನಿಯವರು ‘ರೇವ್ಡಿ’ (ಎಳ್ಳಿನ ಮಿಠಾಯಿ, ಅಂದ್ರೆ ಬಿಟ್ಟಿ ಕೊಡುಗೆ) ಹಂಚೋ ರಾಜಕೀಯ ಅಪಾಯ ಅಂದ್ರು, 2023ರ ಮೇನಲ್ಲಿ ಅವರ ಪಕ್ಷದ ಕರ್ನಾಟಕದ ಪ್ರಣಾಳಿಕೆ ಬಿಪಿಎಲ್ ಮನೆಗಳಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಉಚಿತ ಅಂತು. ಇದನ್ನ ಚಿಕ್ಕಪ್ಪನ ಬಾಯಿ ಮುಚ್ಚಿಸೋಕೆ ದಯವಿಟ್ಟು ಬಳಸ್ಬೇಡಿ, ಹಾಗೆ ಬಳಸಿದ ಕೂಡ್ಲೇ ಇದೂ ಇನ್ನೊಂದು ಫಾರ್ವರ್ಡ್ ಆಗುತ್ತೆ. ಯಾವ ಉಚಿತದಿಂದ ಯಾರ ಬದುಕು ನಿಜಕ್ಕೂ ಸುಧಾರಿಸ್ತು, ಯಾವುದು ಬರೀ ವೋಟಿಗೆ ಆಯ್ತು ಅಂತ ಇಬ್ಬರೂ ಒಟ್ಟಿಗೆ ಕೂತು ಕೇಳೋಕೆ ಇದು ದಾರಿ ಆಗ್ಬೇಕು.

ಮೂರನೇ ಪುಟದಲ್ಲಿ ‘2023ರಲ್ಲಿ ಇಡೀ ರಾಜ್ಯ ದ್ವೇಷವನ್ನು ತಿರಸ್ಕರಿಸಿತು’ ಅಂತ ಬರೆದಿದೀರಿ. ಈ ವಾಕ್ಯ ನಾನು ಅಚ್ಚು ಹಾಕಲ್ಲ. ಬಿಜೆಪಿ ಸೀಟು 2018ರ 104ರಿಂದ 66ಕ್ಕೆ ಇಳೀತು ನಿಜ, ಆದ್ರೆ ಎರಡೂ ಸಲ ಅದಕ್ಕೆ ಬಿದ್ದ ವೋಟು ಹೆಚ್ಚುಕಮ್ಮಿ ಶೇ. 36. 2018ರಲ್ಲಿ ಶೇ. 38 ತಗೊಂಡೂ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಕಮ್ಮಿ ಸೀಟು ಬಂದಿತ್ತು, 2023ರಲ್ಲಿ ಸುಮಾರು ಶೇ. 43 ಆಗಿ 135 ಗೆದ್ರು. ಮರುವರ್ಷದ ಲೋಕಸಭೆ ಚುನಾವಣೇಲಿ 28ರಲ್ಲಿ 19 ಬಿಜೆಪಿ, ಜೆಡಿಎಸ್ ಕೂಟಕ್ಕೆ ಹೋಯ್ತು. ಚಿಕ್ಕಪ್ಪನಂಥ ಮತದಾರರು ಎಲ್ಲೂ ಹೋಗಿಲ್ಲ, ಮೂರು ಜನರಲ್ಲಿ ಒಬ್ಬರಿಗಿಂತ ಜಾಸ್ತಿ ಇದಾರೆ, ಅವರಷ್ಟೂ ಜನ ವೋಟು ಹಾಕಿದ್ದು ದ್ವೇಷಕ್ಕೆ ಅಂತ ಒಂದೇ ಮಾತಲ್ಲಿ ಮುಗಿಸೋದು ನ್ಯಾಯ ಅಲ್ಲ, ನಿಜಾನೂ ಅಲ್ಲ.

ಎದುರಿನ ವಾದವನ್ನ ಮರ್ಯಾದೆಯಿಂದ ಬರೆಯೋದು ಹೇಗೆ ಅಂತ ನೋಡೋಕೆ ಹಿಜಾಬ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಓದಿ, 2022ರ ಅಕ್ಟೋಬರ್ 13ರದ್ದು. ಅದೇ ಕಡತ, ಅದೇ ವಕೀಲರು, ಇಬ್ಬರು ನ್ಯಾಯಮೂರ್ತಿಗಳು, ಎರಡು ತೀರ್ಮಾನ. ಸಮವಸ್ತ್ರ ಎಲ್ಲರಿಗೂ ಒಂದೇ ಇರಬೇಕು ಅನ್ನೋದನ್ನ ಹೇಮಂತ್ ಗುಪ್ತಾ ಎತ್ತಿ ಹಿಡಿದ್ರು, ಇದು ಹುಡುಗಿಯ ಆಯ್ಕೆ, ಅವಳ ಓದು ನಿಲ್ಲಬಾರದು ಅಂತ ಸುಧಾಂಶು ಧುಲಿಯಾ ಬರೆದ್ರು. ನಿಮಗೆ ಒಪ್ಪಿಗೆ ಆಗೋದನ್ನ ಆಮೇಲೆ ಓದಿ, ಆಗದೇ ಇರೋದನ್ನ ಮೊದಲು ಓದಿ.

ಹಾಗಂತ ಎಲ್ಲದಕ್ಕೂ ಸುಮ್ನಿರಿ ಅಂತ ನಾನು ಹೇಳ್ತಿಲ್ಲ, ಇದನ್ನ ತಪ್ಪು ತಿಳ್ಕೋಬೇಡಿ. ನಿಮ್ಮ ಕಸಿನ್ ಒಬ್ಬ, ಒಂದು ಸಮುದಾಯದೋರು ಮಕ್ಕಳನ್ನ ಕದೀತಾರೆ ಅನ್ನೋ ವಿಡಿಯೋ ಹಾಕಿದ್ದನ್ನ, ನೀವು ಶಾಂತಿ ಇರ್ಲಿ ಅಂತ ಏನೂ ಹೇಳದೆ ಬಿಟ್ಟಿದ್ದನ್ನ ಒಂದೇ ಸಾಲಲ್ಲಿ ದಾಟಿಸಿದೀರಿ. ಗ್ಯಾರಂಟಿ ಬಗ್ಗೆ ಅಷ್ಟು ಮಾತಾಡಿದೋರು ಮಾತಾಡ್ಲೇಬೇಕಾಗಿದ್ದ ಕಡೆ ಸುಮ್ನಾದ್ರಿ. 2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೇಲಿ, ಜುಲೈನಲ್ಲಿ ಬೀದರ್ ಜಿಲ್ಲೆ ಮುರ್ಕೀಲಿ, ಮಕ್ಕಳ ಕಳ್ಳರು ಅನ್ನೋ ಮೆಸೇಜ್ ನಂಬಿದ ಗುಂಪುಗಳು ಏನೂ ಮಾಡದ ಜನರನ್ನ ಹೊಡೆದು ಸಾಯಿಸಿದ್ವು, ವಾಟ್ಸಾಪ್ ನಮ್ಮ ದೇಶದಲ್ಲಿ ಒಂದ್ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿದ್ದೇ ಆ ವರ್ಷ ದೇಶದ ತುಂಬಾ ಇಂಥ ಸಾವುಗಳಾದ್ಮೇಲೆ. ಬಜೆಟ್ ಬಗ್ಗೆ ಎರಡು ಅಭಿಪ್ರಾಯ ಇರ್ಬಹುದು, ಇದರ ಬಗ್ಗೆ ಇರಬಾರದು. ಎಲ್ಲರೆದುರು ಬೈದ್ರೆ ಅವನು ಹಠಕ್ಕೆ ಇನ್ನೂ ನಾಲ್ಕು ಹಾಕ್ತಾನೆ, ಅವನೊಬ್ಬನಿಗೇ ಫೋನ್ ಮಾಡಿ ‘ಇದು ಸುಳ್ಳು ಕಣೋ, ಡಿಲೀಟ್ ಮಾಡು’ ಅನ್ನಿ. ಈಗ್ಲೂ ತಡ ಆಗಿಲ್ಲ.

ಕೊನೇಲಿ, ಐದು ವರ್ಷಕ್ಕೊಮ್ಮೆ ಬಟನ್ ಒತ್ತೋದು ಬಿಟ್ರೆ ನಮ್ಮ ಕೈಲಿ ಏನಿದೆ ಅಂದಿದೀರಿ. ಆ ಬಟನ್ನನ್ನೂ ನಿಮ್ಮ ನಗರದಲ್ಲಿ ಸರಿಯಾಗಿ ಒತ್ತಿಲ್ಲ, 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತದಾನ ಸುಮಾರು ಶೇ. 53, ಮಂಡ್ಯದಲ್ಲಿ 81 ದಾಟಿತ್ತು. ಬೆಂಗಳೂರಿನ ಪಾಲಿಕೆಗೆ ಚುನಾವಣೆ ನಡೆದಿದ್ದು 2015ರಲ್ಲಿ, ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು, ಆಮೇಲೆ ಬಿಜೆಪಿ ಸರ್ಕಾರ ಇತ್ತು, ಕಾಂಗ್ರೆಸ್ ಸರ್ಕಾರ ಬಂತು, ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ನಗರ ನಡೀತು. ಚಿಕ್ಕಪ್ಪನೂ ನೀವೂ ಒಟ್ಟಿಗೆ ಸಿಟ್ಟಾಗಬಹುದಾದ ವಿಷಯ ಇದು. ಅವರ ಊರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ, ಗ್ರಾಮಸಭೆ ಆರು ತಿಂಗಳಿಗೊಮ್ಮೆ ಆಗ್ಲೇಬೇಕು. ಊರಿಗೆ ಹೋದಾಗ ಅವರ ಜೊತೆ ಒಂದು ಗ್ರಾಮಸಭೆಗೆ ಹೋಗಿ ಕೂತ್ಕೊಳ್ಳಿ, ಚರಂಡಿದೋ ಕುಡಿಯೋ ನೀರಿದೋ ಲೆಕ್ಕ ಬೇಕಂದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು ಅಂತ ಕಾನೂನಿದೆ. ಅರ್ಜಿ ಬರೆಯೋವಾಗ ಚಿಕ್ಕಪ್ಪ ಪಕ್ಕದಲ್ಲಿ ಇರ್ಲಿ, ಅಲ್ಲಿ ಏನು ನಡೀತೋ ಅದನ್ನ ಬರೀರಿ.

ಹೊಸದಾಗಿ ಬರೆದಿದ್ದನ್ನ 1,500 ಪದದೊಳಗೆ ಯೂನಿಕೋಡಲ್ಲಿ ಕಳ್ಸಿ. ನಂಗೆ ಕಳ್ಸೋಕೆ ಮುಂಚೆ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರಿಗೂ ಓದೋಕೆ ಕೊಡಿ, ತಮ್ಮ ಮಾತು ಸರಿಯಾಗಿ ಬಂದಿಲ್ಲ ಅಂದ್ರೆ ತಿದ್ದಿ. ಊರಿನ ಹೆಸರು, ವ್ಯಾಪಾರದ ಗುರುತು ಬದಲಾಯಿಸ್ಬೇಕಾ ಅಂತ ಅವರನ್ನೇ ಕೇಳಿ. ಅವರು ಹಾಕೋದೇ ಬೇಡ ಅಂದ್ರೆ ನಾವೂ ಹಾಕಲ್ಲ.

ವಿಶ್ವಾಸದಿಂದ,
ಸಂಪಾದಕ